ರಾವಿಯಿಲ್ಲದ ರಿವಾಯತ್

ಎಂ.ಫಿಲ್. ಪ್ರಬಂಧಕ್ಕೆ ನಾವು ಆರಿಸಿಕೊಂಡ ವಿಷಯ ಮೊಹರಂನ ರಿವಾಯತ್ ಪದಗಳು. ರಾಯಚೂರಿನಲ್ಲಿ ಬೆಳಿಗ್ಗೆ ಬಸ್ಸು ಹತ್ತಿ ಒಂದು ದಿನ ಮಾನ್ವಿ ಕಡೆಯ ಹಳ್ಳಿಗೆ, ಇನ್ನೊಂದು ದಿನ ದೇವದುರ್ಗ ಕಡೆಯ ಹಳ್ಳಿಗೆ ಹೋಗುತ್ತಿದ್ದೆವು. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವವರಲ್ಲಿ ಎಲ್ಲ ಜಾತಿಯವರೂ ಇದ್ದರು. ಕೇಳಿದ್ದನ್ನೆಲ್ಲ ಒಂದೇ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡೆವು.

ಉರ್ದು, ಕನ್ನಡ ಎರಡನ್ನೂ ಕಲಿತವರ ನೋಟ್‌ಬುಕ್ಕಿಗೆ ಎರಡು ಬಾಗಿಲು. ಮೊದಲ ಪುಟದಿಂದ ಹಾಡುಗಳನ್ನು ಕನ್ನಡದಲ್ಲಿ, ಕೊನೆಯ ಪುಟದಿಂದ ನಮ್ಮ ಟಿಪ್ಪಣಿಗಳನ್ನು ಉರ್ದುವಿನಲ್ಲಿ ಬರೆಯುತ್ತ ಬಂದೆವು. ಎರಡೂ ನಡುವೆ ಕೂಡಿಕೊಂಡಾಗ ಹೆಮ್ಮೆಪಟ್ಟೆವು. ಯಾವ ಟಿಪ್ಪಣಿ ಯಾವ ಹಾಡಿಗೆ ಸೇರಿದ್ದೆಂದು ಮಾತ್ರ ಎಲ್ಲೂ ಬರೆದಿರಲಿಲ್ಲ.

ಮಾರ್ಗದರ್ಶಕರು ಒಂದು ಪದದ ಮೇಲೆ ಬೆರಳಿಟ್ಟು, "ಇದನ್ನು ಹಾಡಿದವರು ಯಾರು?" ಎಂದರು. ನಮ್ಮ ಸಂಗ್ರಹದಲ್ಲೇ ಅದು ಅತ್ಯುತ್ತಮ ಪದ. ಟಿಪ್ಪಣಿಯಲ್ಲಿದ್ದುದು 'ಬುಜುರ್ಗ್' ಎಂಬ ಒಂದೇ ಶಬ್ದ. ನೆನಪಿನಲ್ಲಿದ್ದವರು ಇಬ್ಬರು ಮುದುಕರು. ಮಾನ್ವಿ ಕಡೆಯವರು ಪದ ಕೇಳಿ, "ಹಾಡಿದ್ರೂ ಹಾಡಿರಬೇಕು" ಎಂದರು. ದೇವದುರ್ಗ ಕಡೆಯವರು ತೀರಿಕೊಂಡು ಎರಡು ತಿಂಗಳಾಗಿತ್ತು. ಅವರ ಮಗ ನಮಗೆ ಚಹಾ ಕೊಟ್ಟು ಹೇಳಿದ: "ನಮ್ಮಪ್ಪ ಹಾಡಿದ್ದೋ, ಬ್ಯಾರೇದವ್ರು ಹಾಡಿದ್ದೋ, ನಮಗೇನ್ ಗೊತ್ತ್ರಿ ಸಾಹೇಬ್ರ? ಬರಕೊಂಡು ಹೋದವ್ರು ನೀವು."

ಕೊನೆಗೆ 'ಈ ಭಾಗದಲ್ಲಿ ಪ್ರಚಲಿತವಾದ ಪದ' ಎಂದು ಬರೆದು ಪ್ರಬಂಧ ಒಪ್ಪಿಸಿದೆವು. ಪದವಿ ಸಿಕ್ಕಿತು.

ಅರಬಿಯಲ್ಲಿ ರಿವಾಯತ್ ಎಂದರೆ ಕೇಳಿದ್ದನ್ನು ಇನ್ನೊಬ್ಬರಿಗೆ ತಲುಪಿಸುವುದು. ತಲುಪಿಸುವವನು ರಾವಿ. ಹದೀಸ್ ಸಂಗ್ರಹಿಸಿದವರು ಮಾತಿಗಿಂತ ಮೊದಲು ರಾವಿಗಳ ಸರಣಿಯನ್ನು, ಅಂದರೆ ಸನದನ್ನು ಬರೆದರು. ಕನ್ನಡದಲ್ಲೂ ಇಂಥ ಶಿಸ್ತಿಗೆ ಕೊರತೆಯಿಲ್ಲ. 1970ರಿಂದ 1995ರವರೆಗೆ 8 ಸಂಪುಟಗಳಲ್ಲಿ ಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟನ್ನು ತೆರೆದರೆ ಪದಪ್ರಯೋಗದ ಪಕ್ಕದಲ್ಲೇ ಅದು ಬಂದ ಕೃತಿಯ ಸೂಚನೆ ಕಾಣುತ್ತದೆ. ಎರಡು ಪರಂಪರೆಗಳಲ್ಲಿ ಓದಿಯೂ ನಾವು ರಿವಾಯತ್ ಪದದ ರಾವಿಯನ್ನೇ ಕಳೆದಿದ್ದೆವು.

ಆಮೇಲೆ ಒಂದು ಹಾಡಿಗೆ ಒಂದು ಕಾರ್ಡು ಎಂದು ನಿಯಮ ಮಾಡಿಕೊಂಡೆವು. ತಲೆಯಲ್ಲಿ ಹಾಡಿದವರ ಹೆಸರು, ಊರು, ತಾರೀಖು. ನಮ್ಮ ಅಭಿಪ್ರಾಯವೇನಿದ್ದರೂ ಬೆನ್ನಿಗೆ. ಅವರ ಮಾತು, ನಮ್ಮ ಮಾತು ಬೆರೆಯಬಾರದು.

ಈಗ ತಂಗಿಯ ಮಗಳು ಪ್ರಬಂಧ ಬರೆಯುತ್ತಿದ್ದಾಳೆ. ಅವಳ ಮೊಬೈಲಿನಲ್ಲಿ ಹಾಡುಗಳ ರೆಕಾರ್ಡಿಂಗ್ ಬೇಕಾದಷ್ಟಿವೆ. ಹೆಸರಿನ ಜಾಗದಲ್ಲಿ ಬರೀ ಅಂಕಿಗಳು. "ಹಾಡು ಶುರುವಾಗುವ ಮೊದಲು ಅವರ ಬಾಯಿಂದಲೇ ಹೆಸರು, ಊರು ಹೇಳಿಸು" ಎಂದೆವು.

"ಆಮೇಲೆ ಬರೆದುಕೊಳ್ತೀನಿ ಮಾಮು, ಎಲ್ಲ ನೆನಪಿದೆ" ಎಂದಳು.

ನಾವು ನಮ್ಮ ಪ್ರಬಂಧವನ್ನು ಕಪಾಟಿನಿಂದ ತೆಗೆದು, ಆ ಪುಟ ತೆರೆದು ಅವಳ ಮುಂದಿಟ್ಟೆವು.