ಅಟ್ಟದ ಮೇಲಿದ್ದ ಅಮಾನತು

ನಿಮ್ಮ ಮನೆಯ ಅಟ್ಟದ ಮೇಲೋ ಮಂಚದ ಕೆಳಗೋ ಒಂದು ಹಳೆಯ ಕಂಪ್ಯೂಟರ್ ಧೂಳು ತಿನ್ನುತ್ತಾ ಬಿದ್ದಿದೆಯೇ? ಹಾಗಿದ್ದರೆ ಅದನ್ನು ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ ನನ್ನ ಈ ಅನುಭವವನ್ನು ಒಮ್ಮೆ ಓದಿ. ಇದು ಯಂತ್ರದ ಕತೆಯಂತೆ ಕಂಡರೂ, ಒಬ್ಬ ಬಡ ತಾಯಿಯ ಹಣದ ಕತೆಯೂ ಹೌದು. ನನ್ನ ತಪ್ಪಿನ ಕತೆಯೂ ಹೌದು.

ನನ್ನ ಅಬ್ಬಾ ಕನ್ನಡ ಶಾಲೆಯಲ್ಲಿ ಮಾಸ್ತರರಾಗಿದ್ದರು. 2008ರಲ್ಲಿ ನಿವೃತ್ತರಾದಾಗ ಬಂದ ಹಣದಲ್ಲಿ ಒಂದು ಕಂಪ್ಯೂಟರ್ ಕೊಂಡರು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಅಮ್ಮಿ ಗೊಣಗಿದರೂ ಅವರು ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಕಲಿತೇಬಿಟ್ಟರು. ನಮ್ಮ ಕೇರಿಯ ಅನೇಕ ಬಡವರು ತಮ್ಮ ಸಣ್ಣಪುಟ್ಟ ಉಳಿತಾಯವನ್ನು ಅವರ ಕೈಯಲ್ಲಿ ಕೊಟ್ಟಿಡುತ್ತಿದ್ದರು. "ಮನೆಯಲ್ಲಿದ್ದರೆ ಖರ್ಚಾಗಿ ಹೋಗುತ್ತೆ ಮಾಸ್ತರೇ, ನಿಮ್ಮ ಹತ್ತಿರ ಇರಲಿ" ಎನ್ನುತ್ತಿದ್ದರು. ಅಬ್ಬಾ ಆ ಹಣವನ್ನು ತಮ್ಮ ಬ್ಯಾಂಕ್ ಖಾತೆಗೆ ಹಾಕಿ, ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬರೆದಿಡುತ್ತಿದ್ದರು. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತೇ ಇದೆ ಎಂದು ಅವರು ನಮಗೆ ಆಗಾಗ ನೆನಪಿಸುತ್ತಿದ್ದರು.

2022ರಲ್ಲಿ ಅಬ್ಬಾ ಅಲ್ಲಾಹನೆಡೆಗೆ ಮರಳಿದರು. ಕೆಲವು ವಾರಗಳ ಬಳಿಕ ಬೀಡಿ ಕಟ್ಟಿ ಜೀವನ ಸಾಗಿಸುವ ಒಬ್ಬ ಆಪಾ ನಮ್ಮ ಮನೆಗೆ ಬಂದರು. ಸಂಕೋಚದಿಂದಲೇ ಮಾತೆತ್ತಿದರು. ಮಗಳ ಮದುವೆಗೆಂದು ಮಾಸ್ತರರ ಹತ್ತಿರ ಸ್ವಲ್ಪ ಸ್ವಲ್ಪವಾಗಿ ಹಣ ಇಟ್ಟಿದ್ದೆ, ಹದಿನೆಂಟು ಸಾವಿರ ಆಗಿರಬೇಕು ಎಂದರು. ಅವರ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ನನ್ನ ಅಣ್ಣ ಕೆಟ್ಟವನಲ್ಲ. ಆದರೆ, "ಬರಹ ಇಲ್ಲದೆ ಹೇಗೆ ಕೊಡುವುದು? ನಾಳೆ ಇನ್ನೂ ಹತ್ತು ಜನ ಬಂದರೆ?" ಎಂದ. "ಅವರು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬರೆದಿದ್ದಾರೆ" ಎಂದು ಅಮ್ಮಿ ಹೇಳಿದರು.

ಕಂಪ್ಯೂಟರ್ ಹಾಕಿ ನೋಡಿದರೆ ವಿಂಡೋಸ್ ಎಕ್ಸ್‌ಪಿಯ ಗುರುತು ಬಂದು, ಒಂದು ನೀಲಿ ಪರದೆ ಮಿಂಚಿ, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ರಿಪೇರಿ ಅಂಗಡಿಯವನು, "ಫಾರ್ಮ್ಯಾಟ್ ಮಾಡಬೇಕು, ಒಳಗಿರುವುದೆಲ್ಲ ಹೋಗುತ್ತದೆ. ಉಳಿಸಬೇಕಾದರೆ ಬೆಂಗಳೂರಿಗೆ ಕಳಿಸಬೇಕು, ಸಾವಿರಗಟ್ಟಲೆ ಆಗುತ್ತದೆ" ಎಂದ. ನಾವು ಅದನ್ನು ಮನೆಗೆ ತಂದು ಅಟ್ಟಕ್ಕೆ ಹಾಕಿದೆವು. ಆಪಾನಿಗೆ, "ಸ್ವಲ್ಪ ತಡೆಯಿರಿ" ಎಂದೆವು. ಆ 'ಸ್ವಲ್ಪ' ಒಂದು ವರ್ಷವಾಯಿತು.

2023ರ ರಜೆಯಲ್ಲಿ ನನ್ನ ಅಕ್ಕನ ಮಗ ಬಂದ. ಇಂಜಿನಿಯರಿಂಗ್ ಓದುವ ಹುಡುಗ. ಅವನಿಗೂ ಅವನ ಗೆಳೆಯರಿಗೂ ಒಂದು ವಿಚಿತ್ರ ಹವ್ಯಾಸ. ಜನ ಎಸೆದ ಹಳೆಯ ಕಂಪ್ಯೂಟರುಗಳನ್ನು ತಂದು ಅದರಲ್ಲಿ ಲಿನಕ್ಸ್ ಎಂಬುದನ್ನು ಹಾಕಿ ಓಡಿಸುವುದು. ಓಡದಿದ್ದರೆ ಯಾಕೆ ಓಡಲಿಲ್ಲ ಎಂದು ರಾತ್ರಿಯೆಲ್ಲ ಕೂತು ಹುಡುಕುವುದು. ವಿಷಯ ಕೇಳಿದವನೇ, "ಖಾಲಾ, ಕಂಪ್ಯೂಟರ್ ಸತ್ತಿಲ್ಲ. ವಿಂಡೋಸ್ ಏಳ್ತಾ ಇಲ್ಲ, ಅಷ್ಟೇ" ಎಂದ.

ನನಗೆ ಅರ್ಥವಾಗಲೆಂದು ಅವನು ಅಡುಗೆ ಮನೆಯ ಉದಾಹರಣೆ ಕೊಟ್ಟ. ಒಲೆ, ಪಾತ್ರೆ, ಉಗ್ರಾಣದಲ್ಲಿ ಅಕ್ಕಿ ಬೇಳೆ ಎಲ್ಲ ಇದ್ದರೂ ಅಡುಗೆ ಮಾಡಲು ಒಬ್ಬರು ಬೇಕಲ್ಲವೇ? ಆಪರೇಟಿಂಗ್ ಸಿಸ್ಟಂ ಎಂದರೆ ಆ ಅಡುಗೆಯವಳು. ವಿಂಡೋಸ್ ಒಬ್ಬಳು ಅಡುಗೆಯವಳು. ಅವಳು ಹಾಸಿಗೆ ಹಿಡಿದರೆ ಉಗ್ರಾಣದ ಅಕ್ಕಿ ಮಾಯವಾಗುವುದಿಲ್ಲ. ಲಿನಕ್ಸ್ ಇನ್ನೊಬ್ಬಳು. ಅವಳು ಪೆನ್‌ಡ್ರೈವಿನಲ್ಲೇ ಬಂದು, ಮನೆಯ ಒಂದು ವಸ್ತುವನ್ನೂ ಕದಲಿಸದೆ, ಉಗ್ರಾಣದ ಬಾಗಿಲು ತೆರೆದು ತೋರಿಸಬಲ್ಲಳು. ಇದಕ್ಕೆ ಲೈವ್ ಎನ್ನುತ್ತಾರೆ.

ಈ ಲಿನಕ್ಸ್ ಹುಟ್ಟಿದ್ದೂ ಹವ್ಯಾಸದಿಂದಲೇ. ದೊಡ್ಡ ದೊಡ್ಡ ಸಂಸ್ಥೆಗಳ ಯಂತ್ರಗಳಲ್ಲಿ ಯುನಿಕ್ಸ್ ಎಂಬ ವ್ಯವಸ್ಥೆ ನಡೆಯುತ್ತಿತ್ತು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21ರ ಹರೆಯದ ಲೀನಸ್ ಟೊರ್ವಾಲ್ಡ್ಸ್, ಅದೇ ರೀತಿಯದ್ದೊಂದನ್ನು ತನ್ನ ಮನೆಯ 386 ಕಂಪ್ಯೂಟರಿಗಾಗಿ ಬರೆಯತೊಡಗಿದ. ಇದು ಬರೀ ಹವ್ಯಾಸ, ದೊಡ್ಡದೇನೂ ಆಗದು ಎಂದೇ ಅವನು ಇತರರಿಗೆ ತಿಳಿಸಿದ್ದ. ಮುಂದೆ ಜಗತ್ತಿನಾದ್ಯಂತ ಜನ ಅದಕ್ಕೆ ಕೈಜೋಡಿಸಿದರು. ಅದು ಹುಟ್ಟಿದ ಆ 386 ಜಾತಿಯ ಯಂತ್ರಗಳ ಕೈಯನ್ನು ಅದು ಬಿಟ್ಟದ್ದು 2013ರಲ್ಲಿ, ಅಂದರೆ ಎರಡು ದಶಕಗಳ ಬಳಿಕ. 1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಅದರ ಒಂದು ರೂಪವನ್ನು ಇಂದಿಗೂ ಸ್ವಯಂಸೇವಕರೇ ನಡೆಸುತ್ತಿದ್ದಾರೆ. ಅದಕ್ಕೆ ಬೆಲೆಯಿಲ್ಲ. ನಕಲು ಮಾಡಿ ಹಂಚಿದರೆ ಕಳ್ಳತನವೂ ಅಲ್ಲ, ಹಂಚಲು ಅವರೇ ಅನುಮತಿ ಕೊಟ್ಟಿದ್ದಾರೆ. ಕಳ್ಳ ಪ್ರತಿಯ ವಿಂಡೋಸ್ ಹಾಕಿಸಿಕೊಂಡು ಹಲಾಲ್ ಹರಾಮಿನ ಮಾತಾಡುವ ನಮ್ಮಂಥವರು ಯೋಚಿಸಬೇಕಾದ ವಿಷಯವಿದು. ನೆರೆಯ ಕೇರಳದ ಸರಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ.

ಅಟ್ಟದಿಂದ ಇಳಿಸಿ ಹಾಕಿದಾಗ ಕಂಪ್ಯೂಟರ್ ನೀಲಿ ಪರದೆಯನ್ನೂ ತೋರಿಸಲಿಲ್ಲ. ಬೀಪ್ ಬೀಪ್ ಎಂದು ಕೂಗಿ ಸುಮ್ಮನಾಯಿತು. ನನಗೆ ಎದೆ ಒಡೆದಂತಾಯಿತು. ಹುಡುಗ ಮಾತ್ರ ಖುಷಿಪಟ್ಟ. "ಕೂಗ್ತಾ ಇದೆ ಅಂದ್ರೆ ಏನೋ ಹೇಳ್ತಾ ಇದೆ ಖಾಲಾ!" ಆ ಕೂಗು ರ‍್ಯಾಮ್ ಸರಿಯಾಗಿ ತಾಗುತ್ತಿಲ್ಲ ಎಂಬ ದೂರು. ಅವನು ವಿದ್ಯುತ್ ತಂತಿ ಕಿತ್ತು, ರ‍್ಯಾಮ್ ಪಟ್ಟಿಯನ್ನು ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ನನ್ನ ಮಗಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದ. ಪರದೆ ಬೆಳಗಿತು.

ಆದರೆ ಅದು ತೋರಿಸಿದ ದಿನಾಂಕ 2008. ಒಳಗಿನ ಬಿಲ್ಲೆಯಂಥ ಸಣ್ಣ ಬ್ಯಾಟರಿ ಮುಗಿದಿತ್ತು. ಸಿಆರ್ 2032 ಎಂದು ಕೇಳಿದರೆ ವಾಚಿನ ಅಂಗಡಿಯಲ್ಲೂ ಸಿಗುತ್ತದೆ. ತಾರೀಕು ತಪ್ಪಾಗಿದ್ದರೆ ಇಂಟರ್‌ನೆಟ್ಟಿನ ಸುರಕ್ಷಿತ ಪುಟಗಳು ತೆರೆಯುವುದಿಲ್ಲ, ಯಾಕೆಂದರೆ ಅವುಗಳ ಗುರುತುಪತ್ರಕ್ಕೆ ವಾಯಿದೆ ಇರುತ್ತದೆ. ಎಷ್ಟೋ ಜನ ಕಂಪ್ಯೂಟರೇ ಹಾಳಾಗಿದೆ ಎಂದುಕೊಳ್ಳುವುದು ಈ ಸಣ್ಣ ಬಿಲ್ಲೆಯಿಂದ.

ಪೆನ್‌ಡ್ರೈವ್ ಮಾಡುವ ಕೆಲಸ ನನ್ನದಾಗಿತ್ತು. ಮೊದಲ ಸಲ ಪರದೆಯ ಮೇಲೆ ಒಂದು ಗೆರೆ ಮಿನುಗುತ್ತಾ ನಿಂತಿತು. ನಾನು ಲಿನಕ್ಸ್ ಕಡತವನ್ನು ಹಾಡು ಹಾಕುವಂತೆ ಪೆನ್‌ಡ್ರೈವಿಗೆ ಬರೀ ಕಾಪಿ ಮಾಡಿದ್ದೆ. ಹಾಗಲ್ಲ, ಅದಕ್ಕೆಂದೇ ಇರುವ ತಂತ್ರಾಂಶದಿಂದ ಅದನ್ನು ಬರೆಯಬೇಕು. ಎರಡನೇ ಸಲ ಸರಿಯಾಯಿತು. ಹೊಸ ಅಡುಗೆಯವಳು ಒಳಗೆ ಬಂದಳು. ಅಬ್ಬಾರ ಡಿಸ್ಕ್ ಕಂಡಿತು. ಅದರ ಪಾಸ್‌ವರ್ಡ್ ನಮಗೆ ಗೊತ್ತಿರಲಿಲ್ಲ, ಲಿನಕ್ಸ್ ಅದನ್ನು ಕೇಳಲೂ ಇಲ್ಲ. ಇದನ್ನು ಗಮನದಲ್ಲಿಡಿ ಸಹೋದರಿಯರೇ. ನಾವು ಗುಜರಿಗೆ ಕೊಟ್ಟ ಕಂಪ್ಯೂಟರನ್ನೂ ಹೀಗೆಯೇ ಯಾರು ಬೇಕಾದರೂ ತೆರೆಯಬಹುದು. ನಮ್ಮ ಹೆಣ್ಣುಮಕ್ಕಳ ಫೋಟೋಗಳು, ಮನೆಯ ಕಾಗದಪತ್ರಗಳು ಅದರಲ್ಲಿರುತ್ತವೆ. ಡಿಸ್ಕನ್ನು ಪೂರ್ತಿ ಅಳಿಸದೆ ಅಥವಾ ಬಿಚ್ಚಿಟ್ಟುಕೊಳ್ಳದೆ ಯಾರಿಗೂ ಕೊಡಬೇಡಿ.

ನಾನು ಕಡತ ತೆರೆಯಲು ಅವಸರ ಮಾಡಿದೆ. ಅವನು ತಡೆದ. ಕಪ್ಪು ಪರದೆಯಲ್ಲಿ ಡಿಸ್ಕಿನ ಕೆಲವು ಭಾಗ ಓದಲಾಗುತ್ತಿಲ್ಲ ಎಂಬ ಸಾಲುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಡಿಸ್ಕ್ ಸಾಯುತ್ತಿತ್ತು. ಇಂಥ ಹೊತ್ತಿನಲ್ಲಿ ಅದನ್ನು ತೆರೆದು ಮುಚ್ಚಿ ಮಾಡಿದಷ್ಟೂ ಅದು ಬೇಗ ಹೋಗುತ್ತದಂತೆ. ಮೊದಲು ನಕಲು, ಆಮೇಲೆ ಓದು. ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನವೊಂದಿದೆ. ಅದು ಮೊದಲು ಸುಲಭವಾಗಿ ಓದಿಸಿಕೊಳ್ಳುವ ಭಾಗಗಳನ್ನೆಲ್ಲ ನಕಲು ಮಾಡಿ, ನಂತರ ಕೆಟ್ಟ ಭಾಗಗಳಿಗೆ ಮರಳಿ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಎಲ್ಲಿಯವರೆಗೆ ಬಂದೆ ಎಂದು ತಾನೇ ಬರೆದಿಟ್ಟುಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೂ ಆ ಬರಹ ಉಳಿದಿದ್ದರೆ ಅಲ್ಲಿಂದಲೇ ಮುಂದುವರಿಸಬಹುದು.

ಇದರಲ್ಲಿ ಅಪಾಯವೂ ಇತ್ತು. ಯಾವುದರಿಂದ ಯಾವುದಕ್ಕೆ ಎಂಬುದನ್ನು ಅದಲುಬದಲು ಮಾಡಿದರೆ ಖಾಲಿ ಡಿಸ್ಕು ಅಬ್ಬಾರ ಡಿಸ್ಕಿನ ಮೇಲೆ ಬರೆಯಲ್ಪಟ್ಟು ಎಲ್ಲ ಅಳಿಸಿಹೋಗುತ್ತಿತ್ತು. ಹುಡುಗ ಬರೆದ ಸಾಲನ್ನು ನನ್ನಿಂದ ಗಟ್ಟಿಯಾಗಿ ಓದಿಸಿದ. "160 ಜಿಬಿಯಿಂದ 500 ಜಿಬಿಗೆ. ಹೌದಾ ಖಾಲಾ? ನೀವೂ ಸಾಕ್ಷಿ." ನಾನು ಬಿಸ್ಮಿಲ್ಲಾ ಹೇಳಿ ಒತ್ತಿದೆ. ಇಶಾ ನಮಾಝಿನ ಬಳಿಕ ಆರಂಭವಾದದ್ದು ಫಜ್ರ್‌ನ ಹೊತ್ತಿಗೆ ಮುಗಿದಿತ್ತು. ಬಹಳ ಸ್ವಲ್ಪ ಭಾಗ ಬಿಟ್ಟು ಉಳಿದದ್ದೆಲ್ಲ ಬಂದಿತ್ತು, ಅಲ್‌ಹಮ್ದುಲಿಲ್ಲಾಹ್.

'ಅಮಾನತ್' ಎಂಬ ಹೆಸರಿನ ಕಡತ ಸಿಕ್ಕಿತು. ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳ ರಾಶಿ! ನಾನು ಅಲ್ಲೇ ಅತ್ತುಬಿಟ್ಟೆ. ಆದರೆ ಕಡತ ಹಾಳಾಗಿರಲಿಲ್ಲ. ಆ ಕಾಲದ ನುಡಿಯಲ್ಲಿ ಬರೆದದ್ದು ಇಂದಿನ ಯುನಿಕೋಡ್ ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟ್ ಅದು. ಆ ಫಾಂಟ್ ಇಲ್ಲದಿದ್ದರೆ ಕನ್ನಡ ಕಾಣುವುದಿಲ್ಲ. ಅಬ್ಬಾರ ಡಿಸ್ಕಿನಲ್ಲೇ ಇದ್ದ ನುಡಿ ಫಾಂಟನ್ನು ಹುಡುಕಿ ಲಿನಕ್ಸಿನ ಫಾಂಟ್ ಕೋಶಕ್ಕೆ ಹಾಕಿ ಮತ್ತೆ ತೆರೆದ. ನನ್ನ ಅಬ್ಬಾರ ಕನ್ನಡ ಸಾಲುಸಾಲಾಗಿ ಎದ್ದು ನಿಂತಿತು.

ಅದರಲ್ಲಿ ಏಳು ಹೆಸರುಗಳಿದ್ದವು. ಐವರ ಮುಂದೆ 'ಮರಳಿಸಲಾಗಿದೆ' ಎಂದು ತಾರೀಕು ಸಮೇತ ಬರೆದಿದ್ದರು. ಉಳಿದವರು ಇಬ್ಬರು. ಒಬ್ಬ ಊರು ಬಿಟ್ಟು ಹೋದ ಗಾರೆ ಕೆಲಸದವ, ಆರು ಸಾವಿರ. ಅವನು ಕೇಳಲು ಬಂದೇ ಇರಲಿಲ್ಲ. ಇನ್ನೊಬ್ಬರು ಆ ಆಪಾ. ಒಂದೊಂದು ಕಂತೂ ತಾರೀಕಿನೊಂದಿಗೆ ಇತ್ತು. ಕೂಡಿದರೆ ಹದಿನೆಂಟು ಸಾವಿರವಲ್ಲ, ಇಪ್ಪತ್ತೊಂದು ಸಾವಿರದ ಐನೂರು. ಅವರು ಮರೆತ ಕಂತುಗಳನ್ನೂ ಅಬ್ಬಾ ಮರೆತಿರಲಿಲ್ಲ.

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಮೃತರ ಸಾಲ ತೀರಿಸಿದ ಮೇಲೆಯೇ ವಾರೀಸುದಾರರ ಪಾಲು ಎಂದು ಕುರ್‌ಆನ್ ಸ್ಪಷ್ಟವಾಗಿ ಹೇಳಿದೆ. ನಾವು ಪಾಲಿನ ಮಾತು ಆಡಿಯಾಗಿತ್ತು. ಬ್ಯಾಂಕಿನಲ್ಲಿದ್ದ ಆ ಹಣವೂ ನಮ್ಮದೇ ಎಂದು ಲೆಕ್ಕ ಹಾಕಿದ್ದೆವು. ಅದೇ ಸಂಜೆ ಅಣ್ಣನೇ ಹಣ ಹಿಡಿದುಕೊಂಡು ಆಪಾನ ಮನೆಗೆ ನಡೆದ. ನಾನೂ ಹೋದೆ. ಮಗಳ ಮದುವೆ ಆರು ತಿಂಗಳ ಹಿಂದೆಯೇ ಆಗಿತ್ತು. ಅದಕ್ಕಾಗಿ ಆಪಾ ಬಡ್ಡಿಗೆ ಸಾಲ ಮಾಡಿದ್ದರು. ಪ್ರತಿ ವಾರ ಬೀಡಿಯ ಕೂಲಿಯಲ್ಲಿ ಕಂತು ಕಟ್ಟುತ್ತಿದ್ದರು. ಹಣವನ್ನು ಎಣಿಸಿ, "ಇದು ಹೆಚ್ಚಿದೆ, ಹೆಚ್ಚಿನದು ನನ್ನದಲ್ಲ" ಎಂದು ಮೂರೂವರೆ ಸಾವಿರವನ್ನು ಹಿಂದೆ ಚಾಚಿದರು. ಮುದ್ರಿಸಿ ತಂದಿದ್ದ ಹಾಳೆಯನ್ನು ಅವರ ಮಗಳೇ ಓದಿ ಹೇಳಿದ ಮೇಲೆ ಒಪ್ಪಿಕೊಂಡರು. ನಮ್ಮನ್ನು ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎನಿಸಿತು. ಬಡ್ಡಿಯಾಗಿ ಅವರು ಕಟ್ಟಿದ್ದನ್ನು ಅಣ್ಣ ತನ್ನ ಕೈಯಿಂದ ತುಂಬಿಕೊಟ್ಟ. ಆದರೆ ಆ ಒಂದು ವರ್ಷದ ಅವರ ನಿದ್ದೆಯನ್ನು ಯಾರು ತುಂಬಿಕೊಟ್ಟಾರು? ಗಾರೆ ಕೆಲಸದವನನ್ನು ಹುಡುಕಲು ನಮಗೆ ಮತ್ತೆ ಎರಡು ತಿಂಗಳು ಬೇಕಾಯಿತು.

ಅಂಗಡಿಯವನು ಹೇಳಿದ್ದು ಸುಳ್ಳಲ್ಲ, ಅವನಿಗೆ ಗೊತ್ತಿದ್ದದ್ದು ಅಷ್ಟೇ. ತಪ್ಪು ನಮ್ಮದು. ಇನ್ನೊಬ್ಬರನ್ನು ಕೇಳದೆ ಅಟ್ಟಕ್ಕೆ ಹಾಕಿದೆವು.

ಆ ಕಂಪ್ಯೂಟರಿಗೆ ಈಗ ಒಂದು ಸಣ್ಣ ಎಸ್‌ಎಸ್‌ಡಿ ಹಾಕಿ ಡೆಬಿಯನ್ ಕೂರಿಸಿದ್ದೇವೆ. ರ‍್ಯಾಮ್ ಎರಡೇ ಜಿಬಿ. ಆದ್ದರಿಂದ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಪರದೆ. ಇಂಟರ್‌ನೆಟ್ಟಿನಲ್ಲಿ ಒಂದೆರಡು ಪುಟಗಳಿಗಿಂತ ಹೆಚ್ಚು ತೆರೆದರೆ ಮುದುಕನಂತೆ ಏದುಸಿರು ಬಿಡುತ್ತದೆ. ಆದರೆ ಮಗಳ ಪಾಠ ಬರೆಯಲು, ನನ್ನ ಲೆಕ್ಕಕ್ಕೆ ಧಾರಾಳ ಸಾಕು.

ಈ ಮಾತು ಈಗ ಯಾಕೆ ಹೇಳುತ್ತಿದ್ದೇನೆಂದರೆ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಚೆನ್ನಾಗಿಯೇ ಇರುವ ಎಷ್ಟೋ ಕಂಪ್ಯೂಟರುಗಳು ಹೀಗೆ ಅಟ್ಟ ಸೇರುತ್ತಿವೆ. ನಿಮ್ಮದು 64 ಬಿಟ್ಟಿನದೇ ಎಂದು ಮೊದಲು ನೋಡಿಸಿ, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಿಂದ 32 ಬಿಟ್ಟಿನ ಹೊಸ ಸ್ಥಾಪನೆಗೆ ಅವಕಾಶವಿಲ್ಲ. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ. ಒಳಗಿರುವುದನ್ನು ನಕಲು ಮಾಡಿಕೊಳ್ಳುವ ತನಕ 'ಇನ್‌ಸ್ಟಾಲ್' ಎಂಬುದನ್ನು ಮುಟ್ಟಬೇಡಿ. ತಪ್ಪಿನ ಸಂದೇಶ ಬಂದರೆ ಹೆದರಿ ಮುಚ್ಚಬೇಡಿ, ಅಕ್ಷರಕ್ಕೆ ಅಕ್ಷರ ಬರೆದುಕೊಂಡು ತಿಳಿದವರನ್ನು ಕೇಳಿ. ಅದು ಬೈಗುಳವಲ್ಲ, ಎಲ್ಲಿ ನೋಯುತ್ತಿದೆ ಎಂದು ಯಂತ್ರ ಹೇಳುತ್ತಿರುತ್ತದೆ.

ನಾನೀಗ ಪ್ರತಿ ತಿಂಗಳ ಮೊದಲ ಶುಕ್ರವಾರ, ಯಾರಿಗೆ ಏನು ಕೊಡಬೇಕು ಎಂಬುದನ್ನು ಅಬ್ಬಾರ ಆ ಕಂಪ್ಯೂಟರಿನಲ್ಲೇ ಬರೆದು, ಮುದ್ರಿಸಿ, ಅಮ್ಮಿಯ ಕಪಾಟಿನಲ್ಲಿ ಇಡುತ್ತೇನೆ. ಹಾಳೆ ಎಲ್ಲಿದೆ ಎಂದು ನನ್ನ ಮಕ್ಕಳಿಗೂ ಗೊತ್ತು.