ಐದು ಕ್ರೆಡಿಟ್ ಬಾಕಿ

ಸಲೀನಾಸ್‌ಗೆ ಬಂದ ಹೊಸದರಲ್ಲಿ ದಿನಾ ಬೆಳಗಿನ ಜಾವ ಐದಕ್ಕೆಲ್ಲ ನನಗೆ ಎಚ್ಚರವಾಗಿಬಿಡುತ್ತಿತ್ತು. ನಮ್ಮ ಅಪಾರ್ಟ್‌ಮೆಂಟಿನ ಮುಂದಿನ ರಸ್ತೆಯಲ್ಲೇ ಹೊಲಕ್ಕೆ ಆಳುಗಳನ್ನು ಕರೆದೊಯ್ಯುವ ಬಸ್ಸುಗಳು ಸಾಲಾಗಿ ಹೋಗುತ್ತಿದ್ದವು. ಹಳೇ ಸ್ಕೂಲ್ ಬಸ್ಸಿಗೆ ಬಿಳಿ ಬಣ್ಣ ಹೊಡೆದಂತಿರುವ ಬಸ್ಸು, ಅದರ ಹಿಂದೆ ಚಕ್ರದ ಮೇಲೆ ಕೂರಿಸಿದ ಎರಡು ಕಕ್ಕಸುಗೂಡು. ಬಸ್ಸು ಕಕ್ಕಸನ್ನು ಎಳೆದುಕೊಂಡು ಹೋಗೋದನ್ನ ನಾನು ಮೊದಲು ನೋಡಿದ್ದು ಇಲ್ಲೇ. ನಮ್ಮೂರಲ್ಲಿ ಕಳೆ ಕೀಳಲು ಹೋಗುವ ಹೆಂಗಸರಿಗೆ ಈ ಒಂದು ಅನುಕೂಲ ಇದ್ದಿದ್ದರೆ ಅಂತ ಅನಿಸಿದ್ದೂ ಉಂಟು.

ಕ್ಯಾಲಿಫೋರ್ನಿಯಾ ಅಂದರೆ ನಮ್ಮವರಿಗೆ ಗೂಗಲ್, ಆ್ಯಪಲ್, ಸ್ಯಾನ್ ಹೋಸೆಯ ದೇವಸ್ಥಾನ. ಅಲ್ಲಿಂದ 101ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಸುಮಾರು 100 ಕಿಲೋಮೀಟರ್ ಬಂದರೆ ಬೇರೆಯೇ ಲೋಕ. ನಡುವೆ ಗಿಲ್ರಾಯ್ ಬರುತ್ತದೆ, ಕಾರಿನ ಕಿಟಕಿ ಇಳಿಸಿದರೆ ಬೆಳ್ಳುಳ್ಳಿ ವಾಸನೆ. ಆಮೇಲೆ ಗುಡ್ಡ ದಾಟಿ ಇಳಿದರೆ ಈ ಕಣಿವೆ. ಮೂಡಲಿಗೆ ಗಾಬಿಲಾನ್ ಬೆಟ್ಟ, ಪಡುವಲಿಗೆ ಸಾಂತಾ ಲೂಸಿಯಾ, ನಡುವೆ ಕಣ್ಣು ಹಾಯುವವರೆಗೂ ಲೆಟ್ಯೂಸ್, ಬ್ರೊಕೊಲಿ, ಸೆಲರಿ, ಸ್ಟ್ರಾಬೆರಿ. ಅಮೆರಿಕದ ತಟ್ಟೆಗೆ ಬೀಳುವ ಹಸಿ ಸೊಪ್ಪಿನ ಬಹುಪಾಲು ಬೇಸಿಗೆಯಲ್ಲಿ ಹೊರಡುವುದು ಇಲ್ಲಿಂದ. ನನ್ನ ಗಂಡ ಸೊಪ್ಪು ವಿಂಗಡಿಸುವ ಯಂತ್ರಗಳ ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯುತ್ತಾರೆ. ಹಾಗಾಗಿ ನಾವು ಈ ಊರಿಗೆ ಬಂದೆವು.

ಜಾನ್ ಸ್ಟೈನ್‌ಬೆಕ್ ಹುಟ್ಟಿದ್ದು ಇದೇ ಊರಲ್ಲಿ, 1902ರಲ್ಲಿ. ಮೇನ್ ಸ್ಟ್ರೀಟಿನ ತುದಿಗೆ ಅವನ ಹೆಸರಿನ ಮ್ಯೂಸಿಯಂ ಇದೆ, ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದೊಯ್ಯುತ್ತೇವೆ. ಕೂಲಿಕಾರರ ನಾಯಕ ಸೀಸರ್ ಚಾವೆಸ್‌ನನ್ನು 1970ರ ಡಿಸೆಂಬರಿನಲ್ಲಿ ಲೆಟ್ಯೂಸ್ ಬಹಿಷ್ಕಾರದ ಗಲಾಟೆಯಲ್ಲಿ ಜೈಲಿಗೆ ಹಾಕಿದ್ದೂ ಇದೇ ಊರಲ್ಲಿ. ಆಗ ಕಳೆ ತೆಗೆಯಲು ಮೋಟು ಹಿಡಿಯ ಗುದ್ದಲಿ ಕೊಡುತ್ತಿದ್ದರಂತೆ. ದಿನವಿಡೀ ಬಗ್ಗಿಯೇ ಕೆಲಸ. 1975ರಲ್ಲಿ ಅದನ್ನು ನಿಷೇಧಿಸಿದರು. ಈಗಲೂ ಇಲ್ಲಿನ ವಯಸ್ಸಾದ ಗಂಡಸರು ನಡೆಯುವ ರೀತಿ ನೋಡಿದರೆ ಆ ಗುದ್ದಲಿ ನೆನಪಾಗುತ್ತದೆ.

ನಾನು ಊರಲ್ಲಿ, ಅರಸೀಕೆರೆ ಕಡೆ, ಒಂದು ಅನುದಾನಿತ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಗಣಿತದ ಮೇಡಂ. ಇಲ್ಲಿ ಗಂಡನ ವೀಸಾಕ್ಕೆ ಜೋತುಬಿದ್ದ ಎಚ್-4 ಹೆಂಡತಿ. ಸಂಬಳದ ಕೆಲಸ ಮಾಡುವಂತಿಲ್ಲ. ಎಷ್ಟು ದಿನ ಅಂತ ಚಟ್ನಿಪುಡಿ ಕುಟ್ಟೋದು? ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಕಂಡಿತು: ಗಣಿತ ಹೇಳಿಕೊಡಲು ಸ್ವಯಂಸೇವಕರು ಬೇಕಾಗಿದ್ದಾರೆ. ಹೋದೆ. ಮೊದಲು ಬೆರಳಚ್ಚು ಕೊಡಿ ಅಂದರು, ಕ್ಷಯ ಇಲ್ಲ ಅಂತ ಪರೀಕ್ಷೆ ಮಾಡಿಸಿ ಅಂದರು. ಸಂಬಳವಿಲ್ಲದ ಮೇಷ್ಟ್ರಿಕೆಗೆ ಇಷ್ಟೊಂದು ತಪಾಸಣೆಯೇ ಅಂತ ಮೊದಲು ಸಿಟ್ಟು ಬಂತು. ಮಕ್ಕಳ ಶಾಲೆ, ಕೇಳಲೇಬೇಕು ಅಂತ ಆಮೇಲೆ ಸಮಾಧಾನವಾಯಿತು.

ಅದು ದೊಡ್ಡ ಹೈಸ್ಕೂಲೊಂದರ ಹಿಂಭಾಗದಲ್ಲಿರುವ ಪುಟ್ಟ ಶಾಲೆ. ನಾಲ್ಕು ತಾತ್ಕಾಲಿಕ ಕೊಠಡಿ, ಒಂದು ಆಫೀಸು, ಒಂದು ಬಾಸ್ಕೆಟ್‌ಬಾಲ್ ಕಂಬ. ಇಂಥವಕ್ಕೆ ಕಂಟಿನ್ಯುಯೇಶನ್ ಹೈಸ್ಕೂಲ್ ಅನ್ನುತ್ತಾರೆ. ಈ ಏರ್ಪಾಡಿನ ಬೇರು 1919ರಷ್ಟು ಹಳೆಯದು. ಕೆಲಸಕ್ಕೆ ಸೇರಿದ ಹುಡುಗರು ವಾರಕ್ಕೆ ಒಂದಿಷ್ಟು ಗಂಟೆಯಾದರೂ ಓದಲಿ ಅಂತ ಆಗ ಕಾನೂನು ಮಾಡಿದ್ದರು. ಈಗ ಬರುವವರು ಹದಿನಾರು ದಾಟಿದ, ದೊಡ್ಡ ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳು. ವಾರಕ್ಕೆ 15 ಗಂಟೆ ಬಂದರೆ ಸಾಕು, ಮಿಕ್ಕ ಹೊತ್ತು ಕೆಲಸ. ಊರಲ್ಲಿ ಇದಕ್ಕೆ ಒಳ್ಳೆಯ ಹೆಸರಿಲ್ಲ. ಪೋಲಿ ಹುಡುಗರ ಶಾಲೆ ಅನ್ನುತ್ತಾರೆ. ನಾನೂ ಮೊದಲ ದಿನ ಬ್ಯಾಗನ್ನು ಎದೆಗವಚಿಕೊಂಡೇ ಒಳಗೆ ಹೋದೆ, ಸುಳ್ಳು ಯಾಕೆ ಹೇಳಲಿ.

ಇಲ್ಲಿ ನಮ್ಮ ಎಸ್ಸೆಸ್ಸೆಲ್ಸಿ ಥರ ಒಂದೇ ದೊಡ್ಡ ಪರೀಕ್ಷೆ ಇಲ್ಲ. ಹಿಂದೆ ಹೈಸ್ಕೂಲ್ ಮುಗಿಸಲು ರಾಜ್ಯದ ಪರೀಕ್ಷೆಯೊಂದು ಇತ್ತು, 2015ರಲ್ಲಿ ನಿಲ್ಲಿಸಿದರು. ಈಗ ಎಲ್ಲವೂ ಕ್ರೆಡಿಟ್ ಲೆಕ್ಕ. ಒಂದು ವಿಷಯವನ್ನು ಅರ್ಧ ವರ್ಷ ಓದಿ ಪಾಸಾದರೆ ಐದು ಕ್ರೆಡಿಟ್. ಹೀಗೆ ಅನೇಕ ಕಡೆ 220 ಕೂಡಿಸಿದರೆ ಡಿಪ್ಲೊಮಾ. ಕೇಳಲು ಸುಲಭ, ಚೀಟಿ ಹಣ ಕಟ್ಟಿದ ಹಾಗೆ. ಒಂದು ಕಂತು ತಪ್ಪಿದರೆ ಏನಾಗುತ್ತದೆ ಅಂತ ತಿಳಿದದ್ದು ಆ ಹುಡುಗನ ಕಾಗದ ನೋಡಿದ ಮೇಲೆ.

ಹದಿನೆಂಟು ತುಂಬಿದ್ದ ಹುಡುಗ. ಗಿಡ್ಡಕ್ಕೆ, ಗಟ್ಟಿಮುಟ್ಟಾಗಿದ್ದ, ಟೋಪಿ ಹಣೆಗೆ ಎಳೆದುಕೊಂಡು ಕೊನೇ ಬೆಂಚು. ಅಪ್ಪ ಅಮ್ಮ ಮೆಕ್ಸಿಕೋದ ಓಹಾಕದವರು. ಮನೆಮಾತು ತ್ರಿಕಿ. ಸ್ಪ್ಯಾನಿಷ್ ಅವರಿಗೂ ಕಲಿತ ಭಾಷೆಯೇ! ಇಲ್ಲಿನ ಮೆಕ್ಸಿಕನ್ನರೆಲ್ಲ ಸ್ಪ್ಯಾನಿಷ್ ಮನೆಯವರು ಅಂದುಕೊಂಡಿದ್ದ ನನಗೆ, ಕರ್ನಾಟಕದವರೆಲ್ಲ ಮನೆಯಲ್ಲಿ ಕನ್ನಡವನ್ನೇ ಆಡ್ತಾರಾ ಅಂತ ಕೇಳುವವರ ಮೇಲೆ ನಾನೇ ನಕ್ಕಿದ್ದು ನೆನಪಾಯಿತು.

ಚಳಿ ಬಂತೆಂದರೆ ಸಲೀನಾಸಿನಲ್ಲಿ ಲೆಟ್ಯೂಸ್ ನಿಲ್ಲುತ್ತದೆ. ನವೆಂಬರಿನಲ್ಲಿ ಇಡೀ ವ್ಯವಹಾರ 900 ಕಿಲೋಮೀಟರಿಗೂ ದೂರದ ಅರಿಜೋನಾದ ಯೂಮಾಕ್ಕೆ ಹೋಗುತ್ತದೆ. ಸೊಪ್ಪು ತೊಳೆದು ಪ್ಯಾಕ್ ಮಾಡುವ ಯಂತ್ರಗಳನ್ನೂ ಬಿಚ್ಚಿ ಲಾರಿಗೆ ಹೇರಿ ಒಯ್ಯುತ್ತಾರೆ. ನನ್ನ ಗಂಡನ ಕಂಪನಿಯವರಿಗೆ ಆಗ ನಿದ್ದೆಯಿಲ್ಲ. ಯಂತ್ರಗಳಿಗೆ ಪ್ರತಿ ಬೋಲ್ಟಿನ ಪಟ್ಟಿ ಇರುತ್ತದೆ, ಅಲ್ಲಿ ಹೋಗಿ ಜೋಡಿಸಿದರೆ ಮಾರನೇ ದಿನ ಓಡುತ್ತವೆ. ಯಂತ್ರದ ಹಿಂದೆ ಜನ ಹೋಗುತ್ತಾರೆ, ಜನರ ಹಿಂದೆ ಮಕ್ಕಳು. ನವೆಂಬರಿನಲ್ಲಿ ಇಲ್ಲಿ ಅರ್ಧಕ್ಕೆ ಬಿಟ್ಟ ಪಾಠಕ್ಕೆ ಕ್ರೆಡಿಟ್ ಇಲ್ಲ. ಅಲ್ಲಿ ಪುಸ್ತಕ ಬೇರೆ. ಏಪ್ರಿಲಿನಲ್ಲಿ ವಾಪಸು ಬಂದರೆ ಇಲ್ಲಿ ವರ್ಷ ಮುಗಿಯುತ್ತಾ ಬಂದಿರುತ್ತದೆ. ಎರಡೂ ಕಡೆ ಶಾಲೆಗೆ ಹೋದ ಹುಡುಗನ ಕಾಗದದಲ್ಲಿ ಸೊನ್ನೆ.

ಆ ಕಾಗದ ನೋಡುತ್ತಿದ್ದಾಗ ನನಗೆ ಕಂಡದ್ದು ಅವನಲ್ಲ, ಹದಿನೈದು ವರ್ಷದ ಹಿಂದಿನ ಒಬ್ಬ ಹುಡುಗಿ. ಹತ್ತನೇ ಕ್ಲಾಸು. ಡಿಸೆಂಬರ್ ಬಂದರೆ ಅವರ ಮನೆಯವರೆಲ್ಲ ಚಿಕ್ಕಮಗಳೂರು ಕಡೆ ಕಾಫಿ ಹಣ್ಣು ಬಿಡಿಸಲು ಹೋಗುತ್ತಿದ್ದರು. ಚಿಕ್ಕ ತಮ್ಮನನ್ನು ನೋಡಿಕೊಳ್ಳಲು ಇವಳೂ. ಫೆಬ್ರವರಿಯಲ್ಲಿ ವಾಪಸು ಬಂದಾಗ ಹಾಜರಿ ಶೇ 75 ಇರಲಿಲ್ಲ. ಹಾಜರಿ ಪುಸ್ತಕ ನನ್ನ ಕೈಯಲ್ಲೇ ಇತ್ತು. ಲೆಕ್ಕ ಹಾಕಿ, ಕೆಂಪು ಇಂಕಿನಲ್ಲಿ ಬರೆದು, ಸಹಿ ಮಾಡಿದವಳು ನಾನು. ಯಾರನ್ನೋ ಕೇಳಬಹುದಿತ್ತು, ಒಂದು ಅರ್ಜಿ ಬರೆಸಬಹುದಿತ್ತು. ಶಾಲೆಯ ಫಲಿತಾಂಶ ಶೇಕಡಾ ನೂರು ಬರಲಿ ಅನ್ನುವ ಆಸೆಯೂ ಒಳಗೆ ಇತ್ತು. ಅವಳು ಗಣಿತದಲ್ಲಿ ಅಷ್ಟಕ್ಕಷ್ಟೆ. "ಮಿಸ್, ಮುಂದಿನ ವರ್ಷ ಬರ್ಲಾ?" ಅಂತ ಕೇಳಿದಳು. ಬಾಮ್ಮ ಅಂದೆ. ಬರಲಿಲ್ಲ.

ಇಲ್ಲಿಯ ಹುಡುಗರೂ ನನ್ನನ್ನು ಮಿಸ್ ಅಂತಲೇ ಕರೆಯೋದು.

ಆ ಶಾಲೆಯ ಮುಖ್ಯ ಮೇಷ್ಟ್ರು ಮೂಲೆಯ ಮೇಜಿನ ಮೇಲೆ ಹುಡುಗನ ಹಳೇ ಕಾಗದಗಳನ್ನೆಲ್ಲ ಹರಡಿದರು. 2018ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿದೆ: ವಲಸೆ ಕೂಲಿಕಾರರ ಮಕ್ಕಳು ಹತ್ತನೇ ತರಗತಿ ಮುಗಿದ ಮೇಲೆ ಶಾಲೆ ಬದಲಿಸಿದ್ದು, ಊರಿನ ಲೆಕ್ಕವನ್ನು ಸಕಾಲಕ್ಕೆ ಮುಗಿಸಲು ಆಗದಿದ್ದರೆ, ರಾಜ್ಯದ ಕನಿಷ್ಠ ವಿಷಯಗಳನ್ನು ಮುಗಿಸಿದರೆ ಸಾಕು. ಅದು 130 ಕ್ರೆಡಿಟ್‌ನಷ್ಟಾಗುತ್ತದೆ. ಅರ್ಧ ಓದಿದ ಪಾಠಕ್ಕೂ ಅಷ್ಟು ಭಾಗದ ಕ್ರೆಡಿಟ್ ಕೊಡಬೇಕು. ಕಾನೂನೇನೋ ಇದೆ, ಹುಡುಕಿ ಕೊಡುವವರು ಬೇಕಲ್ಲ? ಯೂಮಾದ ಶಾಲೆಗೆ ಫೋನು, ಇ-ಮೇಲು, ಮತ್ತೆ ಫೋನು. ಅಲ್ಲಿಂದ ಇತಿಹಾಸದ ಒಂದೂವರೆ, ಜೀವಶಾಸ್ತ್ರದ ಎರಡು, ಹೀಗೆ ಚಿಲ್ಲರೆ ಚಿಲ್ಲರೆಯಾಗಿ ಬಂತು. ಆ ಚಳಿಗಾಲ ಹುಡುಗ ಯೂಮಾಕ್ಕೆ ಹೋಗದೆ ಚಿಕ್ಕಮ್ಮನ ಮನೆಯಲ್ಲಿ ಉಳಿದು ಓದಿದ. ಮಾರ್ಚ್ ಕೊನೆಗೆ ಗೋಡೆಯ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಉಳಿದದ್ದು ಬೀಜಗಣಿತದ ಎರಡನೇ ಭಾಗ. ಐದು ಕ್ರೆಡಿಟ್. ಬೀಜಗಣಿತ ಇಲ್ಲದೆ ಈ ರಾಜ್ಯದಲ್ಲಿ ಡಿಪ್ಲೊಮಾ ಇಲ್ಲ.

ಅದು ನನ್ನ ಪಾಲಿಗೆ ಬಂತು. ಪುಸ್ತಕದ ಲೆಕ್ಕ ಕೊಟ್ಟರೆ ಆಕಳಿಸುತ್ತಿದ್ದ. ವಾರಾಂತ್ಯ ಸ್ಟ್ರಾಬೆರಿ ಕೀಳಲು ಹೋಗ್ತಾನೆ ಅಂತ ಗೊತ್ತಿತ್ತಲ್ಲ, ಅದನ್ನೇ ಹಿಡಿದೆ. ತಾಸಿಗೆ 16 ಡಾಲರ್, ಮೇಲೆ ಪೆಟ್ಟಿಗೆಗೆ 2 ಡಾಲರ್, ಎಂಟು ತಾಸಿನಲ್ಲಿ 40 ಪೆಟ್ಟಿಗೆ ಕಿತ್ತರೆ ಕೂಲಿ ಎಷ್ಟು ಅಂತ ಬರೆದೆ. ಅವನು ಮೊದಲ ಸಲ ಟೋಪಿ ಮೇಲೆತ್ತಿ ನಕ್ಕ. "ಮಿಸ್, ಎಂಟು ತಾಸಿಗೆ 40 ಪೆಟ್ಟಿಗೆ ಅಂದ್ರೆ ನಿಮ್ಮನ್ನ ಮಾರನೇ ದಿನ ಬರಬೇಡಿ ಅಂತಾರೆ."

ಸರಳರೇಖೆ ಹಾಗೆ ಮುಗಿಯಿತು. ವರ್ಗಸಮೀಕರಣಕ್ಕೆ ಬಂದಾಗ ನನಗೇ ದಾರಿ ಹೊಳೆಯಲಿಲ್ಲ. ಅವನೇ ಹೇಳಿದ: ಕೈ ನಿಧಾನವಾದರೆ ದುಡ್ಡು ಕಮ್ಮಿ, ತುಂಬಾ ಜೋರು ಮಾಡಿದರೆ ಹಣ್ಣು ಜಜ್ಜಿಹೋಗಿ ಪೆಟ್ಟಿಗೆಯನ್ನೇ ಬೇಡ ಅಂತಾರೆ, ಆಗಲೂ ಕಮ್ಮಿ. ನಡುವೆ ಎಲ್ಲೋ ಒಂದು ಸರಿಯಾದ ವೇಗ ಇರುತ್ತೆ, ಅದು ಅಮ್ಮನಿಗೆ ಗೊತ್ತು. ಹೇಳುತ್ತಾ ಕೈಯಲ್ಲಿ ಗಾಳಿಯಲ್ಲೇ ಒಂದು ಗುಡ್ಡ ಬರೆದ. ಹನ್ನೊಂದು ವರ್ಷ ಬೋರ್ಡಿನ ಮೇಲೆ ಪರವಲಯ ಬರೆದವಳು ನಾನು, ಒಬ್ಬ ಮಗುವಿನ ಕೈಯಲ್ಲೂ ಅದು ಹಾಗೆ ಬಂದಿರಲಿಲ್ಲ.

ಮೇ ತಿಂಗಳಲ್ಲಿ ಹುಡುಗ ನಾಪತ್ತೆ. ಒಂದು ವಾರ, ಹತ್ತು ದಿನ. ಸ್ಟ್ರಾಬೆರಿ ಜೋರಾಗಿ ಬರುವ ಕಾಲ. ಮೇಷ್ಟ್ರು ಕಾರು ತೆಗೆದರು, ನಾನೂ ಹತ್ತಿದೆ. ಊರಿನ ಪೂರ್ವಕ್ಕೆ ಅಲಿಸಾಲ್ ಅನ್ನುವ ಬಡಾವಣೆ. ಬಣ್ಣಬಣ್ಣದ ಬೇಕರಿ, ಹಣ ಕಳಿಸುವ ಅಂಗಡಿ, ತಳ್ಳುಗಾಡಿಯಲ್ಲಿ ಮಾವಿನ ಹಣ್ಣಿಗೆ ಖಾರದಪುಡಿ ಉದುರಿಸಿ ಕೊಡುವವರು. ನನ್ನ ಮಟ್ಟಿಗೆ ಇಡೀ ಸಲೀನಾಸಿನಲ್ಲಿ ಊರು ಅನಿಸುವ ಜಾಗ ಇದೊಂದೇ. ಒಂದು ಮನೆಯಲ್ಲಿ ಮೂರು ಸಂಸಾರ, ಇವರದ್ದು ಹಿಂದಿನ ಗ್ಯಾರೇಜು. ಅಮ್ಮ ಹಾಸಿಗೆಯಲ್ಲಿ, ಸೊಂಟ ಹಿಡಿದಿತ್ತು. ಅವಳ ದಿನಗೂಲಿ ಇವನು ದುಡಿಯುತ್ತಿದ್ದ. ಶಾಲೆಗೆ ಹೇಳಲು ನಾಚಿಕೆ.

ನಾನು ಬಾಗಿಲಲ್ಲೇ ನಿಂತಿದ್ದೆ. ಮೇಷ್ಟ್ರು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಬ್ಯಾಗಿನಿಂದ ಪಾಠದ ಕಟ್ಟು ತೆಗೆದು, "ಮನೆಯಲ್ಲೇ ಓದಿ ಒಪ್ಪಿಸುವ ಏರ್ಪಾಡಿಗೆ ನಿನ್ನನ್ನ ಹಾಕ್ತೀನಿ, ಇಲ್ಲಿ ಸಹಿ ಮಾಡು" ಅಂದರು. ಅಷ್ಟೇ. ಹಾಜರಿಯ ಮಾತು ಮುಗಿದುಹೋಯಿತು. ಇಷ್ಟು ಸುಲಭವೇ ಅಂತ ನನಗೆ ಹೊಟ್ಟೆಯಲ್ಲಿ ಏನೋ ಆಯಿತು.

ಈ ಪದ್ಧತಿಯನ್ನು ಹೊಗಳಿ ಅಟ್ಟಕ್ಕೇರಿಸಲು ನಾನು ಹೊರಟಿಲ್ಲ. ಹೀಗೆ ಗಂಟುಕಟ್ಟಿ ಕೊಡುವ ಪಾಠ ಕೆಲವು ಸಲ ಬರೀ ಖಾಲಿ ಜಾಗ ತುಂಬುವ ಆಟ. ಇಲ್ಲಿಂದ ನೇರ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗೋದು ಕಷ್ಟ. ಹೆಚ್ಚಿನವರ ಮುಂದಿನ ದಾರಿ ಊರಲ್ಲೇ ಇರುವ ಹಾರ್ಟ್‌ನೆಲ್ ಕಾಲೇಜು. ಆದರೆ ಆ ಹುಡುಗನ ಹಾಳೆಗಳಲ್ಲಿ ಬೆರಳಿನ ಕೆಂಪು ಕಲೆ ಇರುತ್ತಿತ್ತು, ಉತ್ತರದ ಪಕ್ಕ ಅಳಿಸಿ ಅಳಿಸಿ ಕಾಗದ ತೂತಾಗಿರುತ್ತಿತ್ತು. ನಕಲು ಮಾಡಿದವರ ಹಾಳೆ ಅಷ್ಟು ಕೊಳೆಯಾಗುವುದಿಲ್ಲ. ಸಮಾರಂಭಕ್ಕೆ ಮೂರು ದಿನ ಇರುವಾಗ ಕೊನೆಯ ಪರೀಕ್ಷೆ ಬರೆದ, 100ಕ್ಕೆ 74.

ಜೂನಿನ ಸಂಜೆ, ಎಂದಿನ ತಣ್ಣನೆ ಗಾಳಿ. ಗೌನು, ಚೌಕದ ಟೋಪಿ. ಕೊರಳಿಗೆ ಡಾಲರ್ ನೋಟು ಮಡಚಿ ಪೋಣಿಸಿದ ಹಾರ, ನಮ್ಮ ಕಡೆ ಮದುಮಗನಿಗೆ ಹಾಕುತ್ತಾರಲ್ಲ, ಅದೇ. ಅವನ ಅಮ್ಮ ಗೋಡೆ ಹಿಡಿದುಕೊಂಡು ಬಂದಿದ್ದಳು. ನನ್ನ ಎರಡೂ ಕೈ ಹಿಡಿದು ತ್ರಿಕಿಯಲ್ಲಿ ಏನೋ ಹೇಳಿದಳು. ಹುಡುಗ ಇಂಗ್ಲಿಷಿಗೆ ಮಾಡಿದ: "ನಿಮ್ಮೂರಲ್ಲೂ ಹೀಗೇ ಮಕ್ಕಳನ್ನ ಮನೆಗೆ ಹೋಗಿ ಹುಡುಕ್ತಿದ್ರಾ ಅಂತ ಕೇಳ್ತಿದಾಳೆ, ಮಿಸ್."

ಹೂಂ ಅನ್ನುವ ಹಾಗೆ ತಲೆ ಆಡಿಸಿಬಿಟ್ಟೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿ ಬೆಳಗಾಗಿರುತ್ತೆ ಅಂತ ಹಳೇ ಸಹೋದ್ಯೋಗಿಗೆ ಫೋನ್ ಮಾಡಿದೆ. ಅವರು ಯಾರನ್ನೋ ಕೇಳಿ, ಅವರು ಇನ್ಯಾರನ್ನೋ ಕೇಳಿ, ನಾಲ್ಕನೇ ದಿನ ನಂಬರ್ ಸಿಕ್ಕಿತು. ಬೀರೂರಲ್ಲಿ ಬಟ್ಟೆ ಹೊಲಿಯುತ್ತಾಳಂತೆ. ಮಗಳು ಆರನೇ ಕ್ಲಾಸು. ನನ್ನ ದನಿ ಅವಳಿಗೆ ತಕ್ಷಣ ಗುರುತು ಸಿಕ್ಕಿತು, ನನಗೇ ಮಾತು ತಡವರಿಸಿತು. ಅವತ್ತಿನದ್ದು ನನ್ನ ತಪ್ಪು ಅಂದೆ. "ಅಯ್ಯೋ ಬಿಡಿ ಮಿಸ್, ಎಷ್ಟು ವರ್ಷ ಆಯ್ತು" ಅಂದಳು. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟಬಹುದು, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಮಾಡ್ತಾರೆ, ಗಣಿತ ನಾನು ವಿಡಿಯೋದಲ್ಲಿ ಹೇಳಿಕೊಡ್ತೀನಿ ಅಂತ ಒಂದೇ ಉಸಿರಿಗೆ ಹೇಳಿದೆ. ಆ ಕಡೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು.

"ಹಾಜರಿ ಬೇಕಾ ಮಿಸ್?" ಅಂದಳು.

"ಬೇಡಮ್ಮ" ಅಂದೆ.

"ಸಂಜೆ ಏಳರ ಮೇಲೆ ಆದ್ರೆ ಆಗುತ್ತೆ. ಮಗಳದ್ದೂ ಹೋಂವರ್ಕ್ ಆಗೇ."

ನಮಗದು ಬೆಳಗಿನ ಆರೂವರೆ. ಅಷ್ಟು ಹೊತ್ತಿಗೆ ಬಸ್ಸುಗಳೆಲ್ಲ ಹೋಗಿರುತ್ತವೆ.