ಕರಾರಿನ ಸಣ್ಣ ಕಲಮುಗಳು

ಸರಕಾರಕ್ಕೂ ಅದನ್ನು ಎದುರಿಸಿ ನಿಂತವರಿಗೂ ಒಡಂಬಡಿಕೆಯಾಯಿತೆಂಬ ಸುದ್ದಿ ಬಂದಾಗಲೆಲ್ಲ ಮನೆವಾರ್ತೆಯವರಾದ ನಾವು ಮೊದಲು ಕೇಳುವುದು ಒಂದೇ ಮಾತು: ಗೆದ್ದವರು ಯಾರು, ಸೋತವರು ಯಾರು? ಕರಾರಿನ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದುವವರು ವಿರಳ. ಅದರ ಭಾಷೆ ಒಣಭಾಷೆ. ಅದನ್ನು ಬರೆಯುವವರು ಓದುಗರ ಸಂತೋಷಕ್ಕಾಗಿ ಬರೆದಿರುವುದಿಲ್ಲವಷ್ಟೆ. ಆದರೂ ಅಂಥ ಒಂದು ಪತ್ರವನ್ನು ನಾವು ಹಲವು ಸಲ ಓದಿದ್ದೇವೆ. 1931ನೆಯ ಮಾರ್ಚ್ 5ರಂದು ದಿಲ್ಲಿಯಲ್ಲಿ ಮಹಾತ್ಮಾ ಗಾಂಧಿಯವರೂ ವೈಸರಾಯ್ ಲಾರ್ಡ್ ಇರ್ವಿನ್ನರೂ ಒಪ್ಪಿದ ಕರಾರು ಅದು. ಅದರಲ್ಲಿ 21 ಕಲಮುಗಳಿವೆ. ಪ್ರತಿ ಸಲವೂ ದೊಡ್ಡ ಕಲಮುಗಳನ್ನು ದಾಟಿ ಮುಂದೆ ಹೋದ ನಮ್ಮ ಕಣ್ಣು ಸಣ್ಣ ಕಲಮುಗಳ ಬಳಿಯಲ್ಲಿ ನಿಂತುಬಿಡುತ್ತದೆ.

ಹಿನ್ನೆಲೆಯನ್ನು ಬಲ್ಲವರೇ ಬಹುಮಂದಿ. ಆದುದರಿಂದ ಬೇಗ ಹೇಳಿ ಮುಗಿಸುವೆವು. 1930ನೆಯ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟ ಯಾತ್ರೆಯು ದಾಂಡಿಯನ್ನು ಮುಟ್ಟಿ, ಏಪ್ರಿಲ್ 6ರಂದು ಅಲ್ಲಿಯ ಕಡಲದಂಡೆಯಲ್ಲಿ ಉಪ್ಪಿನ ಕಾಯಿದೆಯ ಭಂಗವಾಯಿತು. ಒಂದು ವಾರ ಕಳೆಯುವುದರೊಳಗೆ, ಏಪ್ರಿಲ್ 13ರಂದು, ಉತ್ತರ ಕನ್ನಡದ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅದೇ ಕೆಲಸ ನಡೆಯಿತು. ಮೇ ತಿಂಗಳಲ್ಲಿ ಗಾಂಧಿಯವರು ಯೆರವಡೆಯ ಸೆರೆಮನೆಯನ್ನು ಸೇರಿದರು. ವರುಷ ತುಂಬುವಷ್ಟರಲ್ಲಿ ಸೆರೆಗೆ ಹೋದವರ ಸಂಖ್ಯೆ 60,000ವನ್ನು ಮೀರಿತು. ಗುಜರಾತಿನಲ್ಲಿಯೂ ನಮ್ಮ ಅಂಕೋಲೆ ಸಿದ್ದಾಪುರಗಳಲ್ಲಿಯೂ ರೈತರು ಭೂಕಂದಾಯವನ್ನು ಕೊಡೆವೆಂದು ನಿಂತರು. ಸರಕಾರವು ಅವರ ಭೂಮಿಯನ್ನೂ ಪಾತ್ರೆಪಗಡೆಗಳನ್ನೂ ಜಫ್ತಿ ಮಾಡಿತು. ಹಲವು ಊರುಗಳ ಪಟೇಲರು ತಮ್ಮ ಕೆಲಸಕ್ಕೆ ರಾಜೀನಾಮೆ ಕೊಟ್ಟರು.

ಇದರ ನಡುವೆ ಒಂದು ಸಂಧಾನ ನಡೆದು ಮುರಿದುಬಿದ್ದಿತ್ತು. 1930ನೆಯ ಆಗಸ್ಟಿನಲ್ಲಿ ತೇಜ್ ಬಹಾದ್ದೂರ್ ಸಪ್ರೂ ಮತ್ತು ಎಂ. ಆರ್. ಜಯಕರ್ ಎಂಬ ಇಬ್ಬರು ಹಿರಿಯ ವಕೀಲರು ಮಧ್ಯಸ್ಥರಾಗಿ ಸೆರೆಮನೆಯಿಂದ ಸೆರೆಮನೆಗೆ ಅಲೆದರು. ನೈನಿಯಲ್ಲಿದ್ದ ಮೋತೀಲಾಲ ನೆಹರೂ ಮತ್ತು ಜವಾಹರಲಾಲರನ್ನು ರೈಲಿನಲ್ಲಿ ಯೆರವಡೆಗೆ ಕರೆತಂದು, ಕೈದಿಗಳೊಡನೆ ಕೈದಿಗಳನ್ನು ಕೂಡಿಸಿ ಮಾತಾಡಿಸಿದರು. ಫಲಿಸಲಿಲ್ಲ. ಮಧ್ಯಸ್ಥಿಕೆ ಮಾಡಿದವರಿಗೆ ಎರಡು ಕಡೆಯವರಿಂದಲೂ ಬೈಗುಳವೇ ಸಂಬಳವೆಂಬುದು ನಮ್ಮ ಹಳ್ಳಿಗಳಲ್ಲಿಯೂ ಕಂಡ ಮಾತೇ ಸರಿ. ಆದರೆ ಆ ಇಬ್ಬರು ಬೇಸರಪಟ್ಟು ಮನೆಗೆ ಹೋಗಲಿಲ್ಲ. ಆರು ತಿಂಗಳ ಮೇಲೆ ಗಾಂಧಿಯವರನ್ನು ವೈಸರಾಯರ ಬಳಿಗೆ ಹೋಗುವಂತೆ ಒಡಂಬಡಿಸಿದವರಲ್ಲಿ ಅವರೂ ಇದ್ದರು, ಶ್ರೀನಿವಾಸ ಶಾಸ್ತ್ರಿಗಳೂ ಇದ್ದರು.

ಆ ಹೊತ್ತಿಗೆ ಎರಡು ಪಕ್ಷಗಳಿಗೂ ಕಾರಣಗಳು ಹಣ್ಣಾಗಿದ್ದವು. ಲಂಡನ್ನಿನಲ್ಲಿ ನವೆಂಬರಿನಿಂದ ಜನವರಿಯವರೆಗೆ ನಡೆದ ದುಂಡುಮೇಜಿನ ಪರಿಷತ್ತು ಕಾಂಗ್ರೆಸ್ಸಿಲ್ಲದೆ ವರನಿಲ್ಲದ ಮದುವೆಯಂತಾಗಿತ್ತು. ಇರ್ವಿನ್ನರ ಅಧಿಕಾರಾವಧಿ ಏಪ್ರಿಲಿಗೆ ಮುಗಿಯುವುದಿತ್ತು. ಇತ್ತ ಜನರು ದಣಿದಿದ್ದರು, ವ್ಯಾಪಾರಸ್ಥರು ಬಳಲಿದ್ದರು. 1931ನೆಯ ಜನವರಿ 26ರಂದು ಗಾಂಧಿಯವರ ಬಿಡುಗಡೆಯಾಯಿತು, ಯಾವ ಕಟ್ಟಳೆಯೂ ಇಲ್ಲದೆ. ಫೆಬ್ರುವರಿ 6ರಂದು ಮೋತೀಲಾಲರು ತೀರಿಕೊಂಡರು. ಫೆಬ್ರುವರಿ 17ರಂದು, ಆಗ ತಾನೆ ಕಟ್ಟಿ ಮುಗಿದಿದ್ದ ವೈಸರಾಯರ ಅರಮನೆಯಲ್ಲಿ, ಮೊದಲನೆಯ ಭೇಟಿ. ಹೀಗೆ ಎಂಟು ಭೇಟಿಗಳಾದವು. ಎಲ್ಲವನ್ನೂ ಕೂಡಿಸಿದರೆ ಸುಮಾರು 24 ಗಂಟೆಗಳ ಮಾತುಕತೆ.

ಸಮುದ್ರದಾಚೆ ಚರ್ಚಿಲ್ಲರು ಈ ಭೇಟಿಯನ್ನು ಕೇಳಿ ಕಿಡಿಕಿಡಿಯಾದರು. ಅರೆಬೆತ್ತಲೆಯ ಮನುಷ್ಯನೊಬ್ಬನು ಚಕ್ರವರ್ತಿಯ ಪ್ರತಿನಿಧಿಯೊಡನೆ ಸರಿಸಮನಾಗಿ ಕುಳಿತು ಮಾತಾಡುವುದು ಅವರಿಗೆ ಸಹಿಸದಾಯಿತು. ಚರ್ಚಿಲ್ಲರ ಸಿಟ್ಟಿನಲ್ಲಿ ಒಂದು ಸತ್ಯವಿತ್ತೆಂದು ನಮ್ಮ ಅಭಿಪ್ರಾಯ. ಕಲಮುಗಳಲ್ಲಿ ಏನೇ ಬರೆದಿರಲಿ, ಸರಿಸಮನಾಗಿ ಕುಳಿತುದೇ ಒಂದು ಕಲಮಾಗಿತ್ತು. ಅದಕ್ಕೆ ಮಾತ್ರ ಅಂಕೆಯಿರಲಿಲ್ಲ.

ಇನ್ನು ಪತ್ರಕ್ಕೆ ಬರುವೆವು. ಎರಡನೆಯ ಕಲಮೇ ಎಲ್ಲಕ್ಕಿಂತ ದೊಡ್ಡದು: ಮುಂದಣ ರಾಜ್ಯಾಂಗದಲ್ಲಿ ಒಕ್ಕೂಟವಿರುವುದು, ಭಾರತೀಯರ ಹೊಣೆಗಾರಿಕೆಯಿರುವುದು, ಮತ್ತು ರಕ್ಷಣೆ, ಪರರಾಷ್ಟ್ರ ವ್ಯವಹಾರ, ಅಲ್ಪಸಂಖ್ಯಾತರ ಸ್ಥಾನ, ಹಣಕಾಸಿನ ಪತ್ತು ಮುಂತಾದುವುಗಳಲ್ಲಿ ಭಾರತದ ಹಿತಕ್ಕಾಗಿ ಕೆಲವು ಕಟ್ಟುಪಾಡುಗಳಿರುವುವು. ಜವಾಹರಲಾಲರಿಗೆ ನೋವಾದುದು ಈ ಕಲಮಿನಿಂದಲೇ. ಮಾರ್ಚ್ 4ರ ರಾತ್ರಿ ಗಾಂಧಿಯವರು ವೈಸರಾಯರ ಮನೆಯಿಂದ ಮರಳಿದಾಗ ಎರಡು ಗಂಟೆಯ ಸಮಯ. ಮಲಗಿದ್ದವರನ್ನು ಎಬ್ಬಿಸಿ ಒಪ್ಪಂದವಾಯಿತೆಂದು ತಿಳಿಸಿದರು. ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿ ವರುಷವೊಂದೇ ಆಗಿತ್ತು. ಆ ರಾತ್ರಿ ತಮ್ಮ ಎದೆ ಬರಿದಾದಂತಾಯಿತೆಂದು ನೆಹರೂ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಆದರೆ ದೊಡ್ಡ ಕಲಮು ಮುಂದಿನ ಮಾತು. ಅದನ್ನು ಲಂಡನ್ನಿಗೆ ಕಳುಹಿಸಿದ್ದಾಯಿತು. ದಿಲ್ಲಿಯಲ್ಲಿ ಗಂಟೆಗಟ್ಟಲೆ ತಿಕ್ಕಾಟ ನಡೆದುದು ಬೇರೆಯವುಗಳ ಮೇಲೆ. ಗೃಹಖಾತೆಯ ಕಾರ್ಯದರ್ಶಿ ಎಮರ್ಸನ್ನರೂ ಗಾಂಧಿಯವರೂ ಒಂದೊಂದು ಶಬ್ದವನ್ನು ಹಿಡಿದು ಎಳೆದಾಡಿದುದು ಇವುಗಳ ಸಲುವಾಗಿಯೇ: ಜಫ್ತಿಯಾದ ಭೂಮಿ, ಬಿಟ್ಟುಹೋದ ಪಟೇಲಿಕೆ, ಅಂಗಡಿಯ ಮುಂದೆ ನಿಲ್ಲುವ ಸ್ವಯಂಸೇವಕರು, ಪೋಲೀಸರ ಮೇಲಣ ದೂರು, ಒಂದು ಹಿಡಿ ಉಪ್ಪು.

ಮನೆಮನೆಯ ಪಾಲುಪಾರೀಖತ್ತಿನ ಪಂಚಾಯತಿಗೆ ಒಂದೆರಡು ಸಲ ಕುಳಿತ ನಮಗೆ ಇದು ಆಶ್ಚರ್ಯವೆನಿಸುವುದಿಲ್ಲ. ಅಣ್ಣತಮ್ಮಂದಿರಿಬ್ಬರ ಪಾಲಿನಲ್ಲಿ ಗದ್ದೆತೋಟಗಳು ಒಂದೇ ಬೆಳಗಿನಲ್ಲಿ ಹಂಚಿಹೋದವು; ಬಾವಿಯ ನೀರಿನ ಸರದಿಗೆ ಮೂರು ದಿನ ಹಿಡಿಯಿತು. ಹಿತ್ತಿಲ ಮಾವಿನ ಗಿಡವನ್ನು ನೆಟ್ಟವನು ತಾನೆಂದು ತಮ್ಮನು ಹಟ ಹಿಡಿದ, ಅಣ್ಣನು ಒಪ್ಪಲಿಲ್ಲ. ಕೊನೆಗೆ ಪತ್ರ ಬರೆಯುವ ವೃದ್ಧರು, ಗಿಡವು ಅಣ್ಣನಿಗೆ ಸೇರತಕ್ಕದ್ದು, ಆದರೆ ನೆಟ್ಟವನು ತಾನೆಂದು ತಮ್ಮನು ಹೇಳಿರುತ್ತಾನೆ, ಅಣ್ಣನು ಅದನ್ನು ಒಪ್ಪಿರುವುದಿಲ್ಲ ಎಂದು ಬರೆದು ಇಬ್ಬರಿಂದಲೂ ರುಜು ಹಾಕಿಸಿದರು. ತಮ್ಮನಿಗೆ ಗಿಡ ಸಿಗಲಿಲ್ಲ. ಆದರೆ ತನ್ನ ಮಾತು ಕಾಗದದ ಮೇಲೆ ಉಳಿಯಿತೆಂದು ಅವನು ಎದ್ದು ಊಟಕ್ಕೆ ಬಂದನು.

ದಿಲ್ಲಿಯ ಕರಾರಿನಲ್ಲಿ ಭೂಮಿಯ ಕಲಮು ಹೆಚ್ಚು ಕಡಮೆ ಹೀಗೆಯೇ ಇದೆ. ಜಫ್ತಿಯಾಗಿ ಸರಕಾರದ ಕೈಯಲ್ಲಿಯೇ ಉಳಿದ ಭೂಮಿಯನ್ನು ಹಿಂದಿರುಗಿಸತಕ್ಕದ್ದು. ಬೇಕೆಂದೇ ಬಾಕಿಯನ್ನು ಕೊಡದೆ ಹಿಡಿದಿಟ್ಟುಕೊಳ್ಳುವನೆಂದು ಕಲೆಕ್ಟರರಿಗೆ ತೋರಿದರೆ ಮಾತ್ರ ಬೇರೆ. ಆದರೆ ಮೂರನೆಯವರಿಗೆ ಮಾರಿಹೋದ ಭೂಮಿಯ ವ್ಯವಹಾರ, ಸರಕಾರದ ಮಟ್ಟಿಗೆ, ಮುಗಿದುದೆಂದೇ ತಿಳಿಯತಕ್ಕದ್ದು. ಅದರ ಕೆಳಗೆ ಒಂದು ಟಿಪ್ಪಣಿ. ಈ ಮಾರಾಟಗಳಲ್ಲಿ ಕೆಲವಾದರೂ ಕಾಯಿದೆಗೂ ನ್ಯಾಯಕ್ಕೂ ವಿರುದ್ಧವಾದುವೆಂದು ಗಾಂಧಿಯವರು ತಿಳಿಸಿದ್ದಾರೆ. ತನ್ನ ಮುಂದಿರುವ ಮಾಹಿತಿಯ ಮೇಲೆ ಸರಕಾರವು ಇದನ್ನು ಒಪ್ಪಲಾರದು. ಒಪ್ಪಂದದ ಪತ್ರದಲ್ಲಿಯೇ ಒಪ್ಪದಿರುವುದನ್ನು ಬರೆದುದನ್ನು ನೋಡಿ ನಕ್ಕವರಿದ್ದಾರೆ. ನಮಗೆ ಅದೇ ಆ ಪತ್ರದ ಅತ್ಯಂತ ಪ್ರಾಮಾಣಿಕವಾದ ಸಾಲು. ಸುಳ್ಳು ಒಮ್ಮತವನ್ನು ಬರೆದು ಮುಚ್ಚಿಬಿಡುವುದು ಎಷ್ಟು ಸುಲಭವಾಗಿತ್ತು! ಆ ಟಿಪ್ಪಣಿ ಭೂಮಿಯನ್ನು ಕೊಡಿಸಲಿಲ್ಲ, ನಿಜ. ಬಾಗಿಲನ್ನು ಮಾತ್ರ ಪೂರ್ತಿ ಹಾಕಿಕೊಳ್ಳಲಿಲ್ಲ.

ಪೋಲೀಸರ ಕಲಮಿನ ಕಥೆ ಇನ್ನೂ ಸ್ವಾರಸ್ಯವಾದುದು. ಲಾಠಿಯ ಏಟು ತಿಂದವರ ಪರವಾಗಿ ಬಹಿರಂಗ ವಿಚಾರಣೆ ನಡೆಯಬೇಕೆಂದು ಗಾಂಧಿಯವರು ಪಟ್ಟು ಹಿಡಿದಿದ್ದರು. ವೈಸರಾಯರು ಮೊದಲು ಎಲ್ಲ ಸರಕಾರಗಳೂ ಹೇಳುವ ಕಾರಣಗಳನ್ನೇ ಹೇಳಿದರು: ಆರೋಪಕ್ಕೆ ಪ್ರತ್ಯಾರೋಪ ಹುಟ್ಟುವುದು, ಶಾಂತಿ ಕೆಡುವುದು. ಗಾಂಧಿಯವರು ಬಿಡಲಿಲ್ಲ. ಕಡೆಗೆ ಇರ್ವಿನ್ನರು ಮನಸ್ಸಿನಲ್ಲಿದ್ದುದನ್ನೇ ಆಡಿಬಿಟ್ಟರು. ನೀವು ನಾಳೆ ಮತ್ತೆ ಕಾಯಿದೆಭಂಗವನ್ನು ಆರಂಭಿಸುವುದಿಲ್ಲವೆಂಬ ಭರವಸೆ ನನಗಿಲ್ಲ. ಆಗ ನನಗೆ ಪೋಲೀಸರು ಬೇಕು, ತಲೆ ತಗ್ಗಿಸಿದ ಪೋಲೀಸರಲ್ಲ, ಹುರುಪಿನ ಪೋಲೀಸರು ಬೇಕು ಎಂಬುದು ಅವರ ಮಾತಿನ ತಾತ್ಪರ್ಯ. ಇದನ್ನು ಕೇಳಿ ಗಾಂಧಿಯವರ ಮುಖ ಅರಳಿತಂತೆ. ದಕ್ಷಿಣ ಆಫ್ರಿಕದಲ್ಲಿ ಜನರಲ್ ಸ್ಮಟ್ಸರು ತಮ್ಮೊಡನೆ ನಡೆದುಕೊಂಡ ರೀತಿಯಿದು. ನನ್ನ ಬೇಡಿಕೆ ನ್ಯಾಯವಲ್ಲವೆಂದು ನೀವು ಹೇಳುತ್ತಿಲ್ಲ, ಸರಕಾರದ ಕಷ್ಟವನ್ನು ಹೇಳುತ್ತಿದ್ದೀರಿ ಎಂದು ಆ ಬೇಡಿಕೆಯನ್ನು ಬಿಟ್ಟುಬಿಟ್ಟರು. ಈ ಸಂಗತಿಯನ್ನು ಇರ್ವಿನ್ನರೇ ಮುಂದೆ ತಮ್ಮ ನೆನಪುಗಳಲ್ಲಿ ಬರೆದರು. ಕಲಮಿನಲ್ಲಿ ಉಳಿದುದು ಇಷ್ಟೆ: ಗಾಂಧಿಯವರು ಈ ವಿಷಯವನ್ನು ಒತ್ತಾಯಿಸುವುದಿಲ್ಲವೆಂದು ಒಪ್ಪಿದ್ದಾರೆ.

ಇದನ್ನು ಮೆಚ್ಚಬೇಕೋ ಬೇಡವೋ ಎಂಬಲ್ಲಿ ನಮ್ಮ ಮನಸ್ಸು ಎರಡಾಗುತ್ತದೆ. ಇಬ್ಬರು ದೊಡ್ಡವರು ಒಬ್ಬರ ಕಷ್ಟವನ್ನೊಬ್ಬರು ಅರಿತುಕೊಂಡರೆಂಬುದು ಸೊಗಸಾದ ಮಾತು. ಆದರೆ ಏಟು ತಿಂದವರು ಆ ಕೋಣೆಯಲ್ಲಿರಲಿಲ್ಲ. ಅವರ ಕೈಯಿಂದ ರುಜು ತೆಗೆದುಕೊಳ್ಳದೆ ಅವರ ದೂರನ್ನು ಬಿಟ್ಟುಕೊಟ್ಟದ್ದಾಯಿತು. ಸಂಧಾನ ಮಾಡುವವನು ತನ್ನದನ್ನು ಬಿಟ್ಟುಕೊಟ್ಟರೆ ಅದು ತ್ಯಾಗ. ಅವನು ಬಿಟ್ಟುಕೊಡುವುದು ಬಹುಮಟ್ಟಿಗೆ ಪರರದು. ಇನ್ನೊಂದು ಕಲಮನ್ನು ನೋಡಿ. ಅಹಿಂಸೆಯಿಂದ ಕಾಯಿದೆ ಮುರಿದ ಕೈದಿಗಳೆಲ್ಲರ ಬಿಡುಗಡೆಯಾಗುವುದು. ಆದರೆ ಅಪ್ಪಣೆಯನ್ನು ಮೀರಿದುದಕ್ಕಾಗಿ ಶಿಕ್ಷೆಯಾದ ಸಿಪಾಯರಿಗೂ ಪೋಲೀಸರಿಗೂ ಅದು ಸಲ್ಲದು. ಹಾಗೆ ಸೆರೆಯಲ್ಲಿ ಉಳಿದವರು, 1930ನೆಯ ಏಪ್ರಿಲ್ 23ರಂದು ಪೇಶಾವರದಲ್ಲಿ ನಿರಾಯುಧರಾದ ಜನರ ಮೇಲೆ ಗುಂಡು ಹಾರಿಸಲು ಒಲ್ಲೆವೆಂದ ಗಢವಾಲಿ ಸಿಪಾಯರು. ಸಿಪಾಯಿಯು ಅಪ್ಪಣೆಯನ್ನು ಮೀರಬಾರದೆಂಬ ಮತವು ಗಾಂಧಿಯವರದೂ ಆಗಿತ್ತು. ಅವರ ಮುಂದಾಳು ಚಂದ್ರಸಿಂಹ ಗಢವಾಲಿಯು 1941ರವರೆಗೆ ಸೆರೆಯಲ್ಲಿದ್ದನು. ಅಹಿಂಸೆಯ ಕರಾರಿನಲ್ಲಿ, ಕೊಲ್ಲಲೊಲ್ಲದವನಿಗೆ ಜಾಗವಿಲ್ಲದೆ ಹೋಯಿತೆಂಬುದು ನಮಗೆ ಇಂದಿಗೂ ನುಂಗಲಾರದ ತುತ್ತು.

ಭಗತಸಿಂಗ್, ರಾಜಗುರು, ಸುಖದೇವರ ಮಾತನ್ನು ಗಾಂಧಿಯವರು ಎತ್ತಿದ್ದುಂಟು. ಅದು ಕರಾರಿನ ಒಳಗೆ ಬರಲಿಲ್ಲ. ರುಜುವಾಗಿ 18 ದಿನಗಳಿಗೆ, ಮಾರ್ಚ್ 23ರಂದು, ಲಾಹೋರಿನಲ್ಲಿ ಮೂವರನ್ನೂ ಗಲ್ಲಿಗೇರಿಸಿದರು. ಅದೇ ವಾರ ಕರಾಚಿಯ ಕಾಂಗ್ರೆಸ್ಸಿಗೆ ಹೋದ ಗಾಂಧಿಯವರನ್ನು ತರುಣರು ಕಪ್ಪು ಬಾವುಟಗಳಿಂದ ಎದುರುಗೊಂಡರು. ಆದರೂ ಸಭೆ ಕರಾರನ್ನು ಒಪ್ಪಿತು.

ಉಪ್ಪಿನ ಕಲಮು ಅಡಿಗೆಮನೆಯದು. ಉಪ್ಪಿನ ಕಾಯಿದೆಯನ್ನು ಸರಕಾರ ಬಿಡಲಿಲ್ಲ. ಮಣಕ್ಕೆ ಒಂದೂಕಾಲು ರೂಪಾಯಿಯ ತೆರಿಗೆಯನ್ನೂ ತೆಗೆಯಲಿಲ್ಲ. ಆದರೆ ಉಪ್ಪು ಸಿಗುವ ಅಥವಾ ಮಾಡಬಹುದಾದ ಜಾಗಕ್ಕೆ ಹೊಂದಿಕೊಂಡ ಹಳ್ಳಿಗಳವರು ತಮ್ಮ ಮನೆಬಳಕೆಗೂ ಊರೊಳಗಿನ ಮಾರಾಟಕ್ಕೂ ಉಪ್ಪನ್ನು ತೆಗೆದುಕೊಳ್ಳಬಹುದು. ಊರ ಹೊರಗಿನವರಿಗೆ ಮಾರಕೂಡದು. ಸಾವಿರಾರು ಜನ ಸೆರೆಗೆ ಹೋದುದು ಇಷ್ಟಕ್ಕೇ ಏನು ಎಂದು ಕೇಳಿದವರು ಆಗಲೂ ಇದ್ದರು. ಕಡಲದಂಡೆಯ ಹಳ್ಳಿಯ ಹೆಂಗಸು ಹಾಗೆ ಕೇಳಿರಲಾರಳೆಂದು ನಮ್ಮೆಣಿಕೆ. ನಿನ್ನೆಯವರೆಗೆ ಅಪರಾಧವಾಗಿದ್ದ ಹಿಡಿ ಉಪ್ಪು ಇಂದು ಅವಳ ಗಡಿಗೆಯಲ್ಲಿ ನ್ಯಾಯವಾಗಿ ಕುಳಿತಿತು. ತೆರಿಗೆಯು ಪೂರ್ತಿ ತೊಲಗಿದುದು 1947ರಲ್ಲಿ.

ಈ ಕರಾರು ಬಾಳಿದುದು ಹತ್ತು ತಿಂಗಳು ಮಾತ್ರ. ಇರ್ವಿನ್ನರು ಏಪ್ರಿಲಿನಲ್ಲಿ ಹೋದರು; ವಿಲ್ಲಿಂಗ್ಡನ್ನರು ಬಂದರು. ಪತ್ರವು ಅದೇ ಆದರೂ ಅದನ್ನು ಓದುವ ಕಣ್ಣು ಬದಲಾಯಿತು. ಗಾಂಧಿಯವರು ಲಂಡನ್ನಿನ ಎರಡನೆಯ ಪರಿಷತ್ತಿನಿಂದ ಡಿಸೆಂಬರ್ 28ರಂದು ಬರಿಗೈಯಲ್ಲಿ ಮರಳಿದರು. 1932ನೆಯ ಜನವರಿ 4ರಂದು ಮತ್ತೆ ಯೆರವಡೆ. ಕರನಿರಾಕರಣೆಯೂ ಮತ್ತೆ ಆರಂಭವಾಯಿತು, ಜಫ್ತಿ ಹರಾಜುಗಳೂ ಮತ್ತೆ ಆರಂಭವಾದವು. ಸಿದ್ದಾಪುರದ ಕಡೆ ಮಾವಿನಗುಂಡಿಯಲ್ಲಿ, ಜಫ್ತಿಯ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಹೆಣ್ಣುಮಕ್ಕಳು ಉಪವಾಸ ಕುಳಿತರು. ದಿಲ್ಲಿಯ ಕರಾರಿನಲ್ಲಿ ಹೆಸರಿಲ್ಲದೆ ನಿಂತಿದ್ದ ಆ 'ಮೂರನೆಯವರು' ಎಂಬುವರಿಗೆ ಇಲ್ಲಿ ಮುಖವಿತ್ತು, ಜಗುಲಿಯಿತ್ತು, ದಿನವೂ ನೋಡಬೇಕಾದ ನೆರೆಯಿತ್ತು. ಸರಕಾರದ ಮಟ್ಟಿಗೆ ಮುಗಿದುಹೋದ ವ್ಯವಹಾರವು ಊರಿನ ಮಟ್ಟಿಗೆ ಮುಗಿದಿರಲಿಲ್ಲ.

1937ನೆಯ ಚುನಾವಣೆಗಳ ಮೇಲೆ ಮುಂಬಯಿ ಪ್ರಾಂತದಲ್ಲಿ ಬಾಳಾಸಾಹೇಬ ಖೇರರ ಮಂತ್ರಿಮಂಡಲ ಬಂದಿತು. ಕಂದಾಯ ಮಂತ್ರಿಯಾದವರು ಮೊರಾರ್ಜಿ ದೇಸಾಯಿ. ಅವರೂ 1930ರಲ್ಲಿ ಸರಕಾರದ ಡೆಪ್ಯುಟಿ ಕಲೆಕ್ಟರಿಕೆಯನ್ನು ಬಿಟ್ಟು ಚಳವಳಿಗೆ ಬಂದವರು. 1938ರಲ್ಲಿ ಆ ಸರಕಾರವು, ಮುಟ್ಟುಗೋಲಾಗಿ ಮಾರಿಹೋದ ಭೂಮಿಗಳನ್ನು ಹಿಂದಕ್ಕೆ ಪಡೆದು ಮೊದಲಿನ ಒಡೆಯರಿಗೆ ಕೊಡಿಸುವ ಕಾಯಿದೆಯನ್ನು ಮಾಡಿತು. ಸರಕಾರವು ಒಪ್ಪಲಾರದೆಂದು ದಿಲ್ಲಿಯ ಟಿಪ್ಪಣಿಯಲ್ಲಿ ಬರೆದ ಮಾತನ್ನು ಏಳು ವರುಷಗಳ ಮೇಲೆ ಇನ್ನೊಂದು ಸರಕಾರ ಒಪ್ಪಿತು. ಗುಜರಾತಿನ ರೈತರೊಡನೆ ನಮ್ಮ ಕನ್ನಡ ಜಿಲ್ಲೆಯ ರೈತರೂ ತಮ್ಮ ಗದ್ದೆತೋಟಗಳಿಗೆ ಮರಳಿ ಇಳಿದರು.